ಎರಡೂ ತುದಿ ಹಿಡಿದವನು

ಆ ಸಂಜೆ ಮಳೆ ಜಡಿಯುತ್ತಿದ್ದಾಗ ನಮ್ಮ ಕಟ್ಟಡದ ಮಂದಿ ಮೆಟ್ಟಿಲ ಬುಡದಲ್ಲಿ ಬಂದು ಸೇರಿದ್ದಕ್ಕೆ ಕಾರಣ ಮಳೆಯಲ್ಲ, ಅಜ್ಜಿ. ಎರಡನೇ ಮಹಡಿಯ ಟೈಲರಮ್ಮನ ತಾಯಿ ಅವರು. ಮೂವತ್ತನಾಲ್ಕು ವರ್ಷ ಮನೆಮನೆಯ ವೈರಿಂಗ್ ಪರೀಕ್ಷಿಸುವ ಕಚೇರಿಯಲ್ಲಿ ದುಡಿದು ನಿವೃತ್ತರಾದವರಾದ್ದರಿಂದ ಕಟ್ಟಡದಲ್ಲಿ ಎಲ್ಲರಿಗೂ ಅವರು ‘ಅರ್ಥಿಂಗ್ ಅಜ್ಜಿ’. ಮಂಡಿ ನೋವೆಂದು ಎರಡು ವಾರದಿಂದ ಕೆಳಗಿಳಿಯದಿದ್ದ ಅಜ್ಜಿ ಅಂದು ಮಧ್ಯಾಹ್ನ ಕೋಲೂರಿಕೊಂಡು ಇಳಿದು ಬಂದು, ಕಟ್ಟಡದ ಸುತ್ತ ಒಂದು ಸುತ್ತು ಹಾಕಿ, ಹಿತ್ತಿಲಲ್ಲಿ ಬಹಳ ಹೊತ್ತು ಬಗ್ಗಿ ನಿಂತಿದ್ದರಂತೆ. ಆಮೇಲೆ ಒಳಗೆ ಬಂದು ಇಡೀ ಕಟ್ಟಡದ ಮೇನ್ ಸ್ವಿಚ್ಚನ್ನು ಇಳಿಸಿ, ಅದರ ಮುಂದೆಯೇ ಕುರ್ಚಿ ಹಾಕಿಕೊಂಡು ಕುಳಿತುಬಿಟ್ಟಿದ್ದರು.

ಎಲೆಕ್ಟ್ರಿಷಿಯನ್‌ಗೆ ಫೋನು ಮಾಡಿದರೆ ಮಳೆ ಬಿಟ್ಟ ಮೇಲೆ, ಬೆಳಗ್ಗೆ ಬರುತ್ತೇನೆ ಎಂದ. ಅಲ್ಲಿಯವರೆಗೆ ಯಾರೂ ಮೇನ್ ಮುಟ್ಟಕೂಡದೆಂದು ಅಜ್ಜಿಯ ಅಪ್ಪಣೆ. ಮೂರನೇ ಮಹಡಿಯ ಟ್ಯೂಷನ್ ಟೀಚರು ಮಕ್ಕಳನ್ನು ವಾಪಸು ಕಳಿಸಬೇಕಾಗಿ ಬಂದು ಸಿಡಿಮಿಡಿಗೊಂಡಿದ್ದರು. ಬಸ್ಸು ಓಡಿಸಿ ದಣಿದು, ನೆನೆದು ಬಂದಿದ್ದ ನಮ್ಮ ಎದುರುಮನೆಯ ಡ್ರೈವರಂತೂ ಹೆಗಲ ಮೇಲೆ ಟವೆಲ್ ಹಾಕಿಕೊಂಡು ಎದುರಿಗೇ ನಿಂತಿದ್ದ.

“ಅಜ್ಜೀ, ಒಂದು ಬಕೆಟ್ ಬಿಸಿನೀರು ಕಾಯೋವರೆಗೆ ಹಾಕಿ ಸಾಕು. ಆಮೇಲೆ ಬೇಕಾದ್ರೆ ಒಂದು ವಾರ ಆರಿಸಿಡಿ.”

“ಒಂದು ನಿಮಿಷಾನೂ ಇಲ್ಲ.”

“ಯಾಕೆ ಅಂತಾನಾದ್ರೂ ಹೇಳ್ಬಾರ್ದಾ?”

“ಹೇಳಿದ್ರೆ ನಂಬ್ತೀಯಾ? ಮುದುಕಿಗೆ ಅರಳು ಮರಳು ಅಂತೀಯ.” ಅಜ್ಜಿ ಕನ್ನಡಕ ತೆಗೆದು ಸೆರಗಿನಿಂದ ಒರೆಸಿದರು. “ಸರಿ, ಕೂತ್ಕೊ. ಎಲ್ರೂ ಕೂತ್ಕೊಳ್ಳಿ. ಮಳೆ ಹೇಗೂ ಬಿಡೋ ಹಾಗೆ ಕಾಣಲ್ಲ.”

ನಾನು ಮನೆಯಿಂದ ಎರಡು ಸ್ಟೂಲು ತಂದೆ, ಟೀಚರು ಬ್ಯಾಟರಿ ದೀಪ ತಂದರು. ಡ್ರೈವರು ಗೊಣಗುತ್ತ ಮೊದಲನೇ ಮೆಟ್ಟಿಲ ಮೇಲೆ ಕುಳಿತ. ಅಜ್ಜಿ ಶುರು ಮಾಡಿದರು.

*

ಕೇಳ್ರಪ್ಪಾ. ದೆವ್ವ ಅಂದ್ರೆ ರಾತ್ರಿ ಹನ್ನೆರಡಕ್ಕೇ ಬರ್ಬೇಕು, ಬಿಳೀ ಬಟ್ಟೆನೇ ಉಟ್ಟಿರ್ಬೇಕು ಅಂತ ಯಾರು ಹೇಳಿದ್ದೋ ಕಾಣೆ. ನಂಗೆ ಸಿಕ್ಕಿದ್ದು ಬೆಳಗ್ಗೆ ಹನ್ನೊಂದು ಗಂಟೆಗೆ, ಒಂದು ಮನೆಯ ಹಿತ್ತಿಲಲ್ಲಿ, ಪಕ್ಕದಲ್ಲಿ ಬಟ್ಟೆ ಒಣಗ್ತಾ ಇತ್ತು... ನೋಡಿದೆ ಅಂತ ಹೇಳೋ ಹಾಗೂ ಇಲ್ಲ. ಮುಟ್ಟಿದೆ. ಈ ಕೈಯಲ್ಲೇ, ಹೀಗೆ. ಏನ್ ಡ್ರೈವರಪ್ಪಾ, ನಗ್ತೀಯಾ? ನಗು, ನಗು. ಕೊನೇವರೆಗೂ ಹಾಗೇ ನಗ್ತಾ ಇರು, ನೋಡೋಣ.

ಆಗೆಲ್ಲ ಮನೆಯ ಅರ್ಥಿಂಗ್‌ಗೆ ಗುಂಡಿ ತೋಡಿ ಪ್ಲೇಟು ಹೂಳೋರು ಕಡಿಮೆ. ನೀರಿನ ಪೈಪು ಇರ್ತಿತ್ತಲ್ಲ, ಕಬ್ಬಿಣದ್ದು, ಬೀದಿಯಿಂದ ನೆಲದೊಳಗೇ ಬಂದು, ಗೋಡೆ ಹತ್ತಿ, ನಲ್ಲಿವರೆಗೂ ಹೋಗೋದು... ಅದಕ್ಕೇ ಒಂದು ಕ್ಲಾಂಪು ಹಾಕಿ ಅರ್ಥ್ ವೈರನ್ನ ಬಿಗಿದುಬಿಡೋರು. ಹೀಟರಲ್ಲೋ ಇಸ್ತ್ರಿಪೆಟ್ಟಿಗೇಲೋ ಕರೆಂಟು ದಾರಿ ತಪ್ಪಿ ಅದರ ಲೋಹದ ಮೈಗೆ ಬಂತು ಅನ್ನಿ, ಅದು ವೈರು ಹಿಡಿದು, ಪೈಪು ಹಿಡಿದು, ಸದ್ದಿಲ್ಲದೆ ನೆಲಕ್ಕಿಳಿದು ಹೋಗೋದು. ಒಳ್ಳೇ ಏರ್ಪಾಡೇ, ಇಲ್ಲ ಅನ್ನಲ್ಲ. ಆದ್ರೆ ಪೈಪು ಪ್ಲಂಬರ್‌ದು, ವೈರು ನಮ್ದು. ಅವನು ಪೈಪು ಕೊಯ್ಯೋವಾಗ ನಮ್ಮನ್ನ ಕೇಳ್ತಿರ್ಲಿಲ್ಲ, ನಾವು ಕ್ಲಾಂಪು ಬಿಗಿಯೋವಾಗ ಅವನ ಮುಖಾನೂ ನೋಡ್ತಿರ್ಲಿಲ್ಲ.

ಒಂದು ಬೀದೀಲಿ ಒಂದೇ ಗೋಡೆ ಹಂಚ್ಕೊಂಡ ಜೋಡಿ ಮನೆ ಇತ್ತು. ಒಂದರಲ್ಲಿ ಪ್ಲಂಬರು, ಅವನ ಹೆಂಡ್ತಿ, ಹತ್ತು ವರ್ಷದ ಮಗಳು. ಇನ್ನೊಂದರಲ್ಲಿ ಇಸ್ತ್ರಿಯವನು, ಒಂಟಿ ಮನುಷ್ಯ. ಊರವರ ಬಟ್ಟೆಯೆಲ್ಲ ಅವನ ಮನೇಲೇ ಒಗೆದು ಇಸ್ತ್ರಿ ಆಗೋದು, ಅದಕ್ಕೆ ಅಂತ ಆಳೆತ್ತರದ ಒಂದು ಕರೆಂಟ್ ಬಾಯ್ಲರು ಇಟ್ಕೊಂಡಿದ್ದ. ಹಿತ್ತಿಲಲ್ಲಿ ನೆಲದಿಂದ ಒಂದೇ ಪೈಪು ಮೇಲೆದ್ದು, ಸೊಂಟದೆತ್ತರಕ್ಕೆ ಬಂದು ಎರಡಾಗಿ, ಒಂದೊಂದು ಮನೆಗೆ ಒಂದೊಂದು ಹೋಗ್ತಿತ್ತು. ಎರಡೂ ಮನೆಯ ಅರ್ಥ್ ವೈರು ಬಿಗಿದಿದ್ದು ಆ ಕವಲಿನ ಮೇಲೆ. ಇಷ್ಟು ನೆನಪಿಟ್ಕೊಳ್ಳಿ, ಸಾಕು.

ಊರ ನಲ್ಲಿ ಎಲ್ಲ ರಿಪೇರಿ ಮಾಡೋ ಪ್ಲಂಬರಿನ ಮನೆ ಪೈಪೇ ಸೋರ್ತಾ ಇತ್ತು. ನಗಬೇಡಿ, ನಮ್ಮನೇಲಿ ಮೂರು ವರ್ಷ ಕಾಲಿಂಗ್ ಬೆಲ್ ಕೆಟ್ಟಿತ್ತು. ಹೆಂಡ್ತಿ ಹೇಳಿ ಹೇಳಿ ಸಾಕಾಗಿ, ಒಂದು ದಿನ ಬೆಳಗ್ಗೆ ಜೋರಾಗೇ ಜಗಳ ತೆಗೆದ್ಳು. ಅವನೂ ಸಿಟ್ಟಲ್ಲಿ ಗರಗಸ ತಗೊಂಡು ಹಿತ್ತಿಲಿಗೆ ಹೋದ. ಹೋಗೋ ಮುಂಚೆ ಮನೆಯ ಮೇನ್ ಆರಿಸಿಯೇ ಹೋದ, ಅಷ್ಟು ಹುಷಾರಿನ ಮನುಷ್ಯ. ಕವಲಿನ ಕೆಳಗೆ ತುಕ್ಕು ಹಿಡಿದ ಎರಡಡಿ ತುಂಡನ್ನ ಕೊಯ್ದು ತೆಗೆದ. ಮೇಲಿನ ತುದಿ ಒಂದು ಕೈಲಿ, ಕೆಳಗಿನ ತುದಿ ಇನ್ನೊಂದು ಕೈಲಿ ಹಿಡ್ಕೊಂಡ... ಅಷ್ಟೇ. ಹೆಂಡ್ತಿ ಬಂದು ನೋಡಿದಾಗ ಗೋಡೆಗೆ ಒರಗಿ ಕೂತಿದ್ನಂತೆ, ಎರಡೂ ಕೈ ಮುಂದೆ ಚಾಚಿಕೊಂಡು. ಮೈಮೇಲೆ ಒಂದು ಗಾಯ ಇಲ್ಲ, ಮನೆಯ ಮೇನ್ ಆರಿದೆ, ಹಾಗಾದ್ರೆ ಕರೆಂಟು ಎಲ್ಲಿಂದ ಬರತ್ತೆ? ಎದೆ ನಿಂತುಹೋಯ್ತು ಅಂದ್ರು ಡಾಕ್ಟ್ರು. ಎಲ್ರೂ ಹೌದು ಅಂದ್ರು.

ಅವತ್ತು ಸಂಜೆನೇ ಇಸ್ತ್ರಿಯವನು, ಪಾಪ, ತಾಯಿ ಮಗಳಿಗೆ ನೀರಿಲ್ಲದ ಹಾಗೆ ಆಗ್ಬಾರ್ದು ಅಂತ, ತಾನೇ ಅಂಗಡಿಗೆ ಹೋಗಿ ಎರಡಡಿ ಪ್ಲಾಸ್ಟಿಕ್ ಪೈಪು ತಂದು ಆ ಜಾಗಕ್ಕೆ ಜೋಡಿಸಿಬಿಟ್ಟ. ನೀರು ಬಂತು. ಕತೆ ಮುಗೀತು.

ಮುಗೀಬೇಕಿತ್ತು... ಎಲ್ಲಿ ಮುಗೀತು? ಅದಾದ್ಮೇಲೆ ಹದಿನಾಲ್ಕು ವರ್ಷದಲ್ಲಿ ನಾನೇ ಮೂರು ಸಲ ಆ ಮನೆಗಳ ತಪಾಸಣೆಗೆ ಹೋಗಿದೀನಿ. ಹೋಗೋದು, ಬಚ್ಚಲ ನಲ್ಲಿಗೆ ಒಂದು ತಂತಿ ಸಿಕ್ಕಿಸೋದು, ಮೀಟರಿನ ಮುಳ್ಳು ನೋಡೋದು. ಮುಳ್ಳು ‘ಅರ್ಥ್ ಚೆನ್ನಾಗಿದೆ’ ಅನ್ನೋದು. ನಾನು ಸಹಿ ಹಾಕಿ, ಅವರು ಕೊಟ್ಟ ಟೀ ಕುಡಿದು ಬರೋದು. ಆ ಪೈಪು ಎಲ್ಲಿಗೆ ಹೋಗತ್ತೆ, ಹೇಗೆ ಹೋಗತ್ತೆ ಅಂತ ಹಿತ್ತಿಲಿಗೆ ಹೋಗಿ ಒಂದು ಸಲಾನೂ ಬಗ್ಗಿ ನೋಡ್ಲಿಲ್ಲ. ನಮ್ಮ ಕೆಲಸದವರು ಮಾಡೋ ತಪ್ಪೇ ಇದು. ಮುಳ್ಳು ನೋಡ್ತೀವಿ, ಕಣ್ಣು ಬಿಟ್ಟು ನೋಡಲ್ಲ. ಈಗ್ಲೂ ನೆನೆಸ್ಕೊಂಡ್ರೆ ನಾಚಿಕೆ ಆಗತ್ತೆ ನಂಗೆ.

ಹದಿನಾಲ್ಕನೇ ವರ್ಷ ಆ ಮಗಳೇ ಕಚೇರಿಗೆ ಬಂದ್ಳು. ಮದುವೆಯಾಗಿ ಎರಡು ತಿಂಗಳ ಕೂಸಿತ್ತು, ತಾಯಿ ಜೊತೆ ಅದೇ ಮನೇಲಿದ್ಳು. “ಮೇಡಂ, ನಾಲ್ಕು ದಿನದಿಂದ ನಲ್ಲಿ ಮುಟ್ಟಿದ್ರೆ ಇರುವೆ ಕಚ್ಚಿದ ಹಾಗಾಗತ್ತೆ. ಮಗೂನ ಸ್ನಾನಕ್ಕೆ ಮಲಗಿಸಿದ್ರೆ ಕಿಟಾರಂತ ಕಿರುಚತ್ತೆ” ಅಂದ್ಳು. ತಕ್ಷಣ ಅವಳ ಜೊತೆಗೇ ಹೊರಟೆ.

ಬಚ್ಚಲಲ್ಲಿ ತಂತಿ ಸಿಕ್ಕಿಸಿದೆ. ಮುಳ್ಳು ಎಂದಿನ ಹಾಗೆ ಚೆನ್ನಾಗಿದೆ ಅಂತು. ಮೀಟರು ಎತ್ತಿಡೋಣ ಅನ್ನೋಷ್ಟರಲ್ಲಿ ಮುಳ್ಳು ಮೆಲ್ಲಗೆ ಜಾರಿತು. ಜಾರಿ ಜಾರಿ ಪೂರ್ತಿ ಆಚೆ ತುದಿಗೆ ಹೋಯ್ತು, ಅಂದ್ರೆ ಅರ್ಥ್ ಅನ್ನೋದೇ ಇಲ್ಲ. ಮತ್ತೆ ಏನೋ ಸರಿಮಾಡ್ಕೊಂಡ ಹಾಗೆ ತಟಕ್ಕನೆ ವಾಪಸು ಬಂತು. ಮೂಟೆ ಹೊತ್ತವನು ಹೆಗಲು ಬದಲಾಯಿಸ್ತಾನಲ್ಲ, ಹಾಗೆ. ಇಷ್ಟು ವರ್ಷದ ಸರ್ವೀಸಲ್ಲಿ ಮುಳ್ಳು ಹಾಗೆ ಆಡಿದ್ದು ನಾನು ಕಂಡಿರ್ಲಿಲ್ಲ. ಅವತ್ತು ಮೊದಲ್ನೇ ಸಲ ಪೈಪನ್ನ ಹಿಡಿದು ಹಿಂದೆ ಹಿಂದೆ ಹೋದೆ, ಬಚ್ಚಲಿಂದ ಗೋಡೆಗೆ, ಗೋಡೆಯಿಂದ ಹಿತ್ತಿಲಿಗೆ.

ಕವಲಿನ ಕೆಳಗೆ ನೋಡ್ತೀನಿ, ಪ್ಲಾಸ್ಟಿಕ್!

ಪ್ಲಾಸ್ಟಿಕ್‌ನಲ್ಲಿ ಕರೆಂಟು ಹರಿಯಲ್ಲ, ಅದು ನಿಮಗೂ ಗೊತ್ತು. ಅಂದ್ರೆ ಮೇಲಿನ ಪೈಪಿಗೂ ನೆಲಕ್ಕೂ ಹದಿನಾಲ್ಕು ವರ್ಷದಿಂದ ಸಂಬಂಧವೇ ಇಲ್ಲ. ಎಲ್ಲಾದ್ರೂ ಕರೆಂಟು ಸೋರ್ತಿದ್ರೆ ಅದು ಪೈಪಲ್ಲೇ ಕೂತಿರ್ಬೇಕು, ಒದ್ದೆ ಕಾಲಲ್ಲಿ ಯಾರಾದ್ರೂ ನಲ್ಲಿ ಮುಟ್ಟಲಿ ಅಂತ ಕಾಯ್ತಾ. ಹಾಗಾದ್ರೆ ಮುಳ್ಳು ನಂಗೆ ಮೂರು ಸಲ ಹೇಳಿದ್ದೇನು? ನಾನು ಸಹಿ ಹಾಕಿದ್ದು ಯಾವುದಕ್ಕೆ? ಒಂದು ತಂತಿನ ಪ್ಲಾಸ್ಟಿಕ್ ತುಂಡಿನ ಮೇಲಿನ ಕಬ್ಬಿಣಕ್ಕೆ, ಇನ್ನೊಂದನ್ನ ಕೆಳಗಿನ ಕಬ್ಬಿಣಕ್ಕೆ ಮುಟ್ಟಿಸಿದೆ. ಮುಳ್ಳು ‘ಚೆನ್ನಾಗಿದೆ’ ಅನ್ನೋ ಕಡೆಗೇ ಪೂರ್ತಿ ಹೊರಳ್ತು. ಹರಿಯತ್ತೆ! ಮಧ್ಯ ಎರಡಡಿ ಪ್ಲಾಸ್ಟಿಕ್ ಇದ್ರೂ ಒಂದೇ ಪೈಪಿನ ಹಾಗೆ ಹರಿಯತ್ತೆ!

ನಮ್ಮಲ್ಲಿ ಒಂದು ಅಭ್ಯಾಸ ಇದೆ, ಅನುಮಾನ ಬಂದದ್ದನ್ನ ಅಂಗೈಲಿ ಮುಟ್ಟಲ್ಲ, ಕೈಯ ಹಿಂಬದಿಯಿಂದ ಮುಟ್ತೀವಿ. ಶಾಕ್ ಹೊಡೆದ್ರೆ ಬೆರಳು ಮಡಚ್ಕೊಳ್ಳತ್ತೆ ನೋಡಿ, ಅಂಗೈ ಆದ್ರೆ ಹಿಡಿದಿದ್ದನ್ನ ಬಿಡಕ್ಕಾಗಲ್ಲ. ಹಾಗೆ ಕೈಯ ಹಿಂಬದಿನ ಆ ಪ್ಲಾಸ್ಟಿಕ್ಕಿಗೆ ತಾಕಿಸಿದೆ. ಬೆಚ್ಚಗಿತ್ತು. ಬಿಸಿಲು ಬೀಳೋ ಜಾಗ ಅಲ್ಲ, ಒಳಗೆ ಹರಿಯೋದು ತಣ್ಣೀರು. ಆದ್ರೂ ಮನುಷ್ಯನ ಮೈಯ ಹಾಗೆ, ಅಷ್ಟೇ ಹದವಾಗಿ ಬೆಚ್ಚಗಿತ್ತು.

“ಅದು ಮೊದ್ಲಿಂದ್ಲೂ ಹಾಗೇ ಮೇಡಂ” ಅಂದ್ಳು ಹಿಂದೆ ನಿಂತಿದ್ದ ಮಗಳು. “ಚಿಕ್ಕವಳಿದ್ದಾಗ ಶಾಲೇಲಿ ಬೈಸ್ಕೊಂಡು ಬಂದ್ರೆ ಇಲ್ಲೇ ಕೆನ್ನೆ ಒತ್ಕೊಂಡು ನಿಂತಿರ್ತಿದ್ದೆ. ಈ ನಾಲ್ಕು ದಿನದಿಂದ ಬಿಸಿ ಸ್ವಲ್ಪ ಕಡಿಮೆ ಆಗಿದೆ.”

ನಾನು ಬಗ್ಗಿದೆ. ಆಮೇಲೆ ಕಂಡಿದ್ದು... ಹೇಗೆ ಹೇಳ್ಲಿ ನಿಮಗೆ? ಮೇಲಿನ ಕಬ್ಬಿಣದ ತುದಿ, ಕೆಳಗಿನ ಕಬ್ಬಿಣದ ತುದಿ, ಎರಡೂ ತುಕ್ಕು ಹಿಡಿದು ಕೆಂಪಾಗಿವೆ. ಆದ್ರೆ ಎರಡರ ಮೇಲೂ ಒಂದಂಗುಲ ಅಗಲದ ಪಟ್ಟೆ ಪಟ್ಟೆ, ದಿನಾ ಹಿಡಿದು ಹಿಡಿದು ಸವೆದ ಬಾಗಿಲ ಹಿಡಿಯ ಹಾಗೆ ಫಳಫಳ ಹೊಳೀತಿವೆ. ಎಣಿಸಿದೆ. ಮೇಲೆ ನಾಲ್ಕು ಬೆರಳು, ಒಂದು ಹೆಬ್ಬೆರಳು. ಕೆಳಗೂ ನಾಲ್ಕು ಬೆರಳು, ಒಂದು ಹೆಬ್ಬೆರಳು. ಕೆಳಗಿನದರಲ್ಲಿ ಕಿರುಬೆರಳು ಅರ್ಧವೇ ಇತ್ತು.

ಹೆದರಿಕೆ ಆಯ್ತಾ ಅಂತ ಕೇಳ್ತೀರಾ? ಇಲ್ಲ ಕಣ್ರಪ್ಪಾ. ಕೈ ಮುಗೀಬೇಕು ಅನ್ನಿಸ್ತು. ಸತ್ತ ಮನುಷ್ಯ ಒಬ್ಬ, ಎರಡೂ ತುದಿ ಹಿಡ್ಕೊಂಡು, ಹದಿನಾಲ್ಕು ವರ್ಷ ಅಲ್ಲೇ ನಿಂತಿದಾನೆ... ಆ ಕರೆಂಟನ್ನ ತನ್ನ ಮೈಮೇಲೆ ತಗೊಂಡು ನೆಲಕ್ಕಿಳಿಸ್ತಾ, ಹೆಂಡ್ತಿ ಮಗಳ ಕೈಗೆ ತಾಕದ ಹಾಗೆ. ನನ್ನ ಮೂರು ಸಹಿ ನಿಂತಿದ್ದೂ ಅವನ ಕೈಮೇಲೇ. ಈಗ ಅವನಿಗೆ ಸುಸ್ತಾಗ್ತಿದೆ.

ಟೆಸ್ಟ್ ಲ್ಯಾಂಪು ತೆಗೆದೆ. ಹೋಲ್ಡರಲ್ಲಿ ಒಂದು ಬಲ್ಬು, ಎರಡು ತಂತಿ, ಅಷ್ಟೇ. ಒಂದು ತಂತಿ ಮೇಲಿನ ಪೈಪಿಗೆ, ಇನ್ನೊಂದು ನೆಲದೊಳಗಿನ ಪೈಪಿಗೆ ಸಿಕ್ಕಿಸಿದೆ. ಅವನ ಕೈ ತಪ್ಪಿಸ್ಕೊಂಡಷ್ಟು ಕರೆಂಟು ಈ ಬಲ್ಬಿಗೆ ಬರ್ಬೇಕು. ಮೊದಲು ಏನಿಲ್ಲ. ಆಮೇಲೆ ಬಲ್ಬಿನೊಳಗೆ ತಂತಿ ಕೆಂಪಗಾಯ್ತು, ಕೆಂಪು ಹಳದಿ ಆಯ್ತು. ಹಿಡಿತ ಸಡಿಲ ಆಗ್ತಾ ಇದೆ! “ಓಡು, ನಿಮ್ಮ ಮೇನ್ ಆರಿಸು!” ಅಂದೆ ಮಗಳಿಗೆ. ಓಡಿಹೋಗಿ ಆರಿಸಿದ್ಳು, ಒಳಗಿಂದ ಕೂಗಿಯೂ ಹೇಳಿದ್ಳು. ಬಲ್ಬು ಆರ್ಲಿಲ್ಲ. ಆಗ ಅರ್ಥ ಆಯ್ತು ನೋಡಿ. ಅವನೂ ಅವತ್ತು ಆರಿಸಿದ್ದು ತನ್ನ ಮನೆಯ ಮೇನ್ ಅನ್ನೇ. ಕರೆಂಟು ಬರ್ತಿದ್ದುದು ಪಕ್ಕದ ಮನೆಯಿಂದ, ಅದೇ ಕವಲಿಗೆ ಬಿಗಿದ ಅವರ ಅರ್ಥ್ ವೈರು ಹಿಡಿದು.

ಅಷ್ಟರಲ್ಲಿ ಬಚ್ಚಲ ಕಿಟಕಿ ಕಡೆ ಕಣ್ಣು ಹೋಯ್ತು. ಕೂಸಿನ ಅಜ್ಜಿ, ಅಂದ್ರೆ ಪ್ಲಂಬರಿನ ಹೆಂಡ್ತಿ, ಕೂಸನ್ನ ಎಡಗೈಲಿ ಎತ್ಕೊಂಡು, ಒದ್ದೆ ನೆಲದ ಮೇಲೆ ಬರಿಗಾಲಲ್ಲಿ ನಿಂತಿದಾಳೆ. ತುಂಬಿದ ಬಾನಿಯ ಮೇಲೆ ನಲ್ಲಿ ಜೋರಾಗಿ ಸುರೀತಿದೆ. ಬಲಗೈ ನಲ್ಲಿ ನಿಲ್ಲಿಸೋಕೆ ಹೋಗ್ತಾ ಇದೆ. “ಮುಟ್ಟಬೇಡಿ! ಅಮ್ಮಾ, ಮುಟ್ಟಬೇಡಿ!” ಅಂತ ಗಂಟಲು ಹರಿಯೋ ಹಾಗೆ ಕೂಗಿದೆ. ನೀರಿನ ಸದ್ದಲ್ಲಿ ಕೇಳಿಸ್ಲಿಲ್ಲ. ನನ್ನ ಮುಂದೆ ಬಲ್ಬು ಪೂರ್ತಿ ಉರೀತಿದೆ. ಅವಳ ಕೈ ನಲ್ಲಿಗೆ ತಾಗ್ತು...

ಬಲ್ಬು ಆರಿಹೋಯ್ತು.

ಪಕ್ಕದ ಮನೆ ಮೇನ್ ಯಾರೂ ಮುಟ್ಟಿಲ್ಲ, ತಂತಿ ಬಿಚ್ಚಿಲ್ಲ, ಬಲ್ಬು ಹಾಳಾಗಿಲ್ಲ. ಇಡೀ ಪೈಪು ಗೋಡೆಯೊಳಗೇ ಗಡಗಡ ನಡುಗಿತು, ಗಾರೆ ಉದುರಿ ನನ್ನ ತಲೆ ಮೇಲೆ ಬಿತ್ತು. ಅವಳು ಏನೂ ಆಗದ ಹಾಗೆ ನಲ್ಲಿ ತಿರುಗಿಸಿ, ನೀರು ನಿಲ್ಲಿಸಿ, ಕೈ ತೆಗೆದ್ಳು. ತೆಗೆದ ಮರುಗಳಿಗೆ ಬಲ್ಬು ಮತ್ತೆ ಹತ್ಕೊಳ್ತು. ಉಳಿದಿದ್ದ ಶಕ್ತಿಯನ್ನೆಲ್ಲ ಆ ಒಂದು ಕ್ಷಣಕ್ಕೆ ಹಾಕಿದ್ದ ಅವನು.

ಅವಳು ಇನ್ನೊಂದು ಸಲ ಮುಟ್ಟಿದ್ರೆ? ನಾನು ಓಡಿದೆ ನೋಡಿ, ಬೇಲಿ ಹಾರಿ, ಇಸ್ತ್ರಿಯವನ ಮನೆಗೆ. ಅವನು ಬಾಗಿಲಿಗೆ ಅಡ್ಡ ನಿಂತ. “ಇಪ್ಪತ್ತು ವರ್ಷದ ಬಾಯ್ಲರು ಮೇಡಂ, ಒಂದು ಫ್ಯೂಸೂ ಹೋಗಿಲ್ಲ. ಅವರ ಮನೆ ತೊಂದರೆಗೆ ನನ್ನ ಮೇಲೆ ಗೂಬೆ ಕೂರಿಸ್ತೀರಾ?” ಅಂದ. ಅವನನ್ನ ಪಕ್ಕಕ್ಕೆ ತಳ್ಳಿ ಮೇನ್ ಎಳೆದೆ. ಆಚೆ ಹಿತ್ತಿಲಿಂದ ಮಗಳ ಕೂಗು ಕೇಳ್ತು, “ಆರ್ತು ಮೇಡಂ! ಬಲ್ಬು ಆರ್ತು!” ಫ್ಯೂಸು ಹೋಗೋಷ್ಟು ಜೋರಿನ ಸೋರಿಕೆ ಅಲ್ಲ ಅದು, ಒಬ್ಬನ್ನ ಕೊಲ್ಲೋಕೆ ಸಾಕಾಗೋಷ್ಟು ಅಷ್ಟೇ.

ವಾಪಸು ಬಂದು ಚೀಲದಿಂದ ದಪ್ಪ ತಾಮ್ರದ ತಂತಿ ತೆಗೆದೆ. ಮೇಲಿನ ಕಬ್ಬಿಣಕ್ಕೊಂದು ಕ್ಲಾಂಪು, ಕೆಳಗಿನದಕ್ಕೊಂದು. ಆ ಬೆರಳಿನ ಗುರುತಿನ ಮೇಲೆ ಹಾಕೋಕೆ ಮನಸ್ಸು ಬರ್ಲಿಲ್ಲ, ಪಕ್ಕದಲ್ಲಿ ತುಕ್ಕು ಕೆರೆದು ಹಾಕಿದೆ. ಬಿಗಿದಾದ್ಮೇಲೆ, ಯಾರಿಗೆ ಕೇಳಿದ್ರೂ ಕೇಳ್ಲಿ ಅಂತ ಬಾಯಿ ಬಿಟ್ಟೇ ಹೇಳಿದೆ: “ಅಣ್ಣಾ, ನಾನು ಹಿಡ್ಕೊಂಡಿದೀನಿ. ಇನ್ನು ನೀನು ಬಿಡು.”

ಹಿಂದೆ ಅವನ ಹೆಂಡ್ತಿ ಬಂದು ನಿಂತಿದ್ಳು. ಕೂಸು ಮಗಳ ಕೈಲಿತ್ತು. ನಾನು ಏನೂ ಬಿಡಿಸಿ ಹೇಳ್ಲಿಲ್ಲ, ಆ ಗುರುತು ತೋರಿಸಿದೆ ಅಷ್ಟೇ. ಅವಳು ಅರ್ಧ ಕಿರುಬೆರಳಿನ ಪಟ್ಟೇನ ನೋಡಿದ್ಳು. ನೋಡಿ ಹಾಗೇ ಕುಸಿದು ಕೂತ್ಳು. “ಅವತ್ತು ನಾನೇ ಬೈದು ಕಳಿಸಿದ್ದು. ಅದೇ ಸಂಕಟಕ್ಕೆ ಹದಿನಾಲ್ಕು ವರ್ಷದಿಂದ ಈ ಪೈಪಿನ ಹತ್ರ ಸುಳಿದಿಲ್ಲ. ಇಲ್ಲೇ ಇದ್ರಾ? ಇಷ್ಟು ದಿನ ಇಲ್ಲೇ ಇದ್ರಾ?” ಅಂತ ಎರಡೂ ಕೈಯಿಂದ ಆ ಪ್ಲಾಸ್ಟಿಕ್ ತುಂಡನ್ನ ಹಿಡ್ಕೊಂಡ್ಳು. “ಇನ್ನೂ ಬೆಚ್ಚಗಿದೆ” ಅಂದ್ಳು. ಹಿಡ್ಕೊಂಡೇ ಇದ್ಳು. ಎಷ್ಟೋ ಹೊತ್ತಾದ್ಮೇಲೆ ಮೆಲ್ಲಗೆ ಅಂದ್ಳು, “ತಣ್ಣಗಾಯ್ತು.”

ಇಸ್ತ್ರಿಯವನು ಬೇಲಿ ಹತ್ರ ನಿಂತು ಎಲ್ಲ ಕೇಳಿಸ್ಕೊಂಡಿದ್ದ. “ನನ್ನ ಬಾಯ್ಲರು... ಆ ತುಂಡು ಹಾಕಿದ್ದೂ ನಾನೇ, ತಂಗೀ” ಅಂತ ಚಿಕ್ಕ ಮಕ್ಕಳ ಹಾಗೆ ಅಳೋಕೆ ಶುರು ಮಾಡಿದ. ಅವಳು ತಲೆ ಎತ್ತದೆ ಹೇಳಿದ್ಳು, “ನಮಗೆ ನೀರು ಬರ್ಲಿ ಅಂತ ತಾನೇ ಅಣ್ಣಾ ಹಾಕಿದ್ದು.” ಅಷ್ಟೇ ಹೇಳಿದ್ಳು. ಅದಕ್ಕಿಂತ ದೊಡ್ಡ ಮಾತು ನಾನು ಕೇಳಿಲ್ಲ.

*

ಟೀಚರು ಕಣ್ಣೊರೆಸಿಕೊಂಡರು. ಹೊರಗೆ ಮಳೆ ಒಂದೇ ಸಮ ಹುಯ್ಯುತ್ತಿತ್ತು. ಡ್ರೈವರು ಹೆಗಲ ಮೇಲಿನ ಟವೆಲ್ ತೆಗೆದು ಮಡಿಲಲ್ಲಿಟ್ಟುಕೊಂಡಿದ್ದ.

“ಅಲ್ಲಿಗೆ ಬಿಟ್ಟುಹೋದ್ನಲ್ಲ ಅಜ್ಜಿ. ಒಳ್ಳೇದಾಯ್ತು. ಮುಗೀತಲ್ಲ?” ಎಂದ. ದನಿ ಅವನದಲ್ಲವೆನ್ನುವಷ್ಟು ಮೆತ್ತಗಿತ್ತು.

“ನಾನೂ ಹಾಗೇ ಅಂದ್ಕೊಂಡಿದ್ದೆ ಕಣಪ್ಪಾ. ಅವತ್ತಿಂದ ನಾನು ಬರೀ ಮುಳ್ಳು ನೋಡಿ ಸಹಿ ಹಾಕಿದ್ದಿಲ್ಲ. ವೈರು ಹಿಡಿದು ಕೊನೇವರೆಗೂ ನಡೀತಿದ್ದೆ. ನಡೆದದ್ದಕ್ಕೇ ಕಂಡಿದ್ದು. ಒಂದು ವರ್ಷ ಆಗಿತ್ತೋ ಏನೋ, ಬೇರೆ ಬೀದಿ, ಬೇರೆ ಮನೆ, ತುಂಡಾದ ವೈರು, ಆದ್ರೂ ಮುಳ್ಳು ಚೆನ್ನಾಗಿದೆ ಅನ್ನತ್ತೆ. ಆಮೇಲೆ ಇನ್ನೊಂದು ಕಡೆ. ರಿಟೈರ್ ಆಗೋದ್ರೊಳಗೆ ಐದು ಕಡೆ ನೋಡಿದೆ. ಅವನು ಆ ಮನೆ ಬಿಟ್ಟ ಅಷ್ಟೇ, ಕೆಲಸ ಬಿಡ್ಲಿಲ್ಲ.”

ಅಜ್ಜಿ ನನ್ನ ಕಡೆ ತಿರುಗಿದರು.

“ಹಿತ್ತಿಲಲ್ಲಿ ಚರಂಡಿ ತೋಡಿದ್ರಲ್ಲ, ಯಾವತ್ತು?”

“ಹನ್ನೆರಡು ದಿನ ಆಯ್ತು ಅಜ್ಜಿ” ಎಂದೆ.

“ಹಾರೆ ಬಿದ್ದು ನಮ್ಮ ಕಟ್ಟಡದ ಅರ್ಥ್ ವೈರು ಎರಡು ತುಂಡಾಗಿ ಬಿದ್ದಿದೆ. ಮಧ್ಯ ಒಂದು ಮಾರು ಅಂತರ. ಯಾರೋ ಒಬ್ಬರ ಮನೆ ಗೀಸರು ಸೋರ್ತಾನೂ ಇದೆ, ಯಾರದ್ದು ಅಂತ ಬೆಳಗ್ಗೆ ಹುಡುಕೋಣ. ಹನ್ನೆರಡು ದಿನ ನೀವೆಲ್ಲ ಗೀಸರು ಹಾಕಿ ಸ್ನಾನ ಮಾಡಿದೀರಿ. ಯಾರಿಗಾದ್ರೂ ಒಂದು ಸಲ ಜುಮ್ ಅಂತಾ?”

ಟೀಚರು ಇಲ್ಲವೆಂದು ತಲೆಯಾಡಿಸಿದರು. ಡ್ರೈವರು ತನ್ನ ಅಂಗೈಗಳನ್ನೇ ನೋಡಿಕೊಳ್ಳುತ್ತಿದ್ದ.

“ಮಧ್ಯಾಹ್ನ ಹೋಗಿ ಬಗ್ಗಿ ನೋಡಿದೆ. ಆ ಎರಡು ತುದೀಲೂ ತಾಮ್ರ ಫಳಫಳ ಅಂತಿದೆ.” ಅಜ್ಜಿ ಕುರ್ಚಿಯನ್ನು ಇನ್ನಷ್ಟು ಹಿಂದಕ್ಕೆ, ಸ್ವಿಚ್ಚಿಗೆ ತಾಗುವಷ್ಟು ಸರಿಸಿಕೊಂಡರು. “ನಿಮಗೋಸ್ಕರ ಮೇನ್ ಇಳಿಸಿದೀನಿ ಅಂದ್ಕೊಂಡ್ರಾ? ನಿಮ್ಮನ್ನ ಕಾಯೋಕೆ ಅವನಿದಾನೆ. ಇದೊಂದು ರಾತ್ರಿಯಾದ್ರೂ ಅವನು ಕೈ ಇಳಿಸಿ ಕೂತ್ಕೊಳ್ಲಿ.”